ಹಳೆಯ ನಿಯಮಗಳ ಮೇಲಿನ ಜೋಕು ಹಳಬರಿಗೆ ಅವಮಾನವೇ? ಪದೇ ಪದೇ ಕೇಳುವ ಪ್ರಶ್ನೆಗಳು

ಆಟದ ಮೇಜಿನ ಸುತ್ತ, ಪತ್ರಗಳಲ್ಲಿ, ಆಟ ಮುಗಿದ ಮೇಲಿನ ಹರಟೆಯಲ್ಲಿ ತಿರುಗಿ ತಿರುಗಿ ಬರುವ ಪ್ರಶ್ನೆಗಳಿವು. ಹೆಚ್ಚಿನವು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸುತ್ತಾ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಮುಂದೆ ಡಿ ಅಂಡ್ ಡಿ) ಎಂಬ ಮೇಜಿನ ಆಟದ ಬಗ್ಗೆ. ಹಳೆಯ ನಿಯಮಗಳ ರಾಶಿಯೂ ಅವುಗಳ ಮೇಲಿನ ಜೋಕುಗಳ ರಾಶಿಯೂ ಅಲ್ಲೇ ದೊಡ್ಡದು. ಕೇಳಿದವರ ಮಾತನ್ನು ಹೆಚ್ಚೂಕಡಿಮೆ ಹಾಗೇ ಇಟ್ಟಿದ್ದೇನೆ. ಉತ್ತರಗಳಲ್ಲಿ ನನ್ನ ಒಲವು-ನಿಲುವು ಇಣುಕುತ್ತದೆ, ಅದನ್ನು ಮುಚ್ಚಿಡಲು ಹೋಗಿಲ್ಲ.

## ಮೊದಲಿಗೆ ಇಷ್ಟು

ಹಳೇ ರೂಲ್ಸ್ ಜೋಕು ಅಂದ್ರೆ ಯಾವ ತರದ್ದು? ಒಂದೆರಡು ಹೇಳಿ ನೋಡೋಣ.

ಹಳೆಯ ಡಿ ಅಂಡ್ ಡಿಯಲ್ಲಿ ಮೊದಲ ಲೆವೆಲ್ಲಿನ ಮಾಂತ್ರಿಕನಿಗೆ ನಾಲ್ಕು ಮುಖದ ದಾಳ ಉರುಳಿಸಿದಾಗ ಬಂದಷ್ಟೇ ಪ್ರಾಣ (ಸಾಯುವ ಮೊದಲು ಎಷ್ಟು ಏಟು ತಡೆಯಬಲ್ಲ ಎಂಬ ಅಂಕ), ದಿನಕ್ಕೆ ಒಂದೇ ಮಂತ್ರ. ಅದಕ್ಕೇ 'ಮಾಂತ್ರಿಕನನ್ನು ಮನೆಯ ಬೆಕ್ಕು ಪರಚಿ ಕೊಂದಿತು' ಎಂಬ ಜೋಕು. 1977ರ ಟ್ರಾವೆಲರ್ ಆಟದಲ್ಲಿ ಪಾತ್ರದ ಹಿಂದಿನ ಬದುಕನ್ನು ನಾಲ್ಕು ನಾಲ್ಕು ವರ್ಷದ ಕಂತಿನಲ್ಲಿ ದಾಳ ಉರುಳಿಸಿ ಕಟ್ಟುತ್ತಾ ಹೋಗಬೇಕಿತ್ತು. ಪ್ರತಿ ಕಂತಿಗೂ ಬದುಕುಳಿಯುವ ಪರೀಕ್ಷೆ. ಅದರಲ್ಲಿ ಸೋತರೆ ಆಟ ಶುರುವಾಗುವ ಮೊದಲೇ ಪಾತ್ರ ಸತ್ತಂತೆ, ಹೊಸ ಹಾಳೆ ತೆಗೆದುಕೊಳ್ಳಿ. ಇನ್ನು ಡಿ ಅಂಡ್ ಡಿ ಕಟ್ಟಿದವರಲ್ಲಿ ಒಬ್ಬರಾದ ಗ್ಯಾರಿ ಗೈಗಾಕ್ಸ್ ಅವರಿಗೆ ಉದ್ದ ಕೋಲಿನ ಆಯುಧಗಳ ಮೇಲಿದ್ದ ಮೋಹ. 1985ರ ಅನ್‌ಅರ್ತ್ಡ್ ಆರ್ಕೇನಾ ಪುಸ್ತಕದಲ್ಲಿ ಆ ಆಯುಧಗಳ ಹೆಸರು-ಬಗೆಗಳಿಗೇ ಒಂದು ಅನುಬಂಧ ಇದೆ. ಅದರ ಮೇಲೆ ಹುಟ್ಟಿದ ಜೋಕುಗಳಿಗೆ ಇನ್ನೊಂದು ಅನುಬಂಧ ಬೇಕಾದೀತು.

ಥಾಕೋ ಅಂದ್ರೆ ಏನು? ಆ ಹೆಸರು ಕೇಳಿದ ಕೂಡಲೇ ಎಲ್ಲರೂ ಯಾಕೆ ನಗ್ತಾರೆ?

'ಆರ್ಮರ್ ಕ್ಲಾಸ್ ಸೊನ್ನೆ ಇರುವವನಿಗೆ ಏಟು ತಾಗಿಸಲು 20 ಮುಖದ ದಾಳದಲ್ಲಿ ಎಷ್ಟು ಬೀಳಬೇಕು' ಎಂಬುದರ ಇಂಗ್ಲಿಷ್ ಸಂಕ್ಷಿಪ್ತ ರೂಪ (THAC0). ಆರ್ಮರ್ ಕ್ಲಾಸ್ (ಎಸಿ) ಅಂದರೆ ಪಾತ್ರದ ರಕ್ಷಣೆಯ ಅಂಕ. ಡಿ ಅಂಡ್ ಡಿಯ 1989ರ ಎರಡನೇ ಎಡಿಷನ್ನಿನಲ್ಲಿ ಇದೇ ಮುಖ್ಯ ಲೆಕ್ಕ. ಆ ಕಾಲದಲ್ಲಿ ಆರ್ಮರ್ ಕ್ಲಾಸ್ ಕಡಿಮೆಯಾದಷ್ಟೂ ರಕ್ಷಣೆ ಹೆಚ್ಚು. ಬರಿಮೈಯಲ್ಲಿದ್ದವನಿಗೆ 10, ಪ್ಲೇಟ್ ಕವಚದ ಜೊತೆ ಗುರಾಣಿ ಹಿಡಿದವನಿಗೆ 2, ಇನ್ನೂ ಗಟ್ಟಿಗನಾದರೆ ಸೊನ್ನೆಗಿಂತಲೂ ಕೆಳಗೆ.

ಲೆಕ್ಕ ಮಾಡಿ ನೋಡಿ. ಐದನೇ ಲೆವೆಲ್ಲಿನ ಯೋಧನ ಥಾಕೋ 16. ಎದುರಿಗಿರುವವನ ಎಸಿ 4. ಹದಿನಾರರಲ್ಲಿ ನಾಲ್ಕು ಕಳೆದರೆ 12, ದಾಳದಲ್ಲಿ ಅಷ್ಟು ಬಿದ್ದರೆ ಏಟು ತಾಗಿತು. ಎದುರಾಳಿಯ ಎಸಿ ಮೈನಸ್ 3 ಆಗಿದ್ದರೆ 19 ಬೇಕು. ಇಷ್ಟೇ. ಎರಡಂಕಿ ಕಳೆಯುವ ಲೆಕ್ಕ ಬಂದರೆ ಸಾಕು.

ಹಾಗಾದರೆ ನಗು ಯಾಕೆ? ಗೊಂದಲ ಇದ್ದದ್ದು ಕಳೆಯುವುದರಲ್ಲಲ್ಲ, ದಿಕ್ಕಿನಲ್ಲಿ. '+1 ಗುರಾಣಿ' ಸಿಕ್ಕಿತು ಅಂದರೆ ಎಸಿ ಒಂದು ಏರುವುದಿಲ್ಲ, ಇಳಿಯುತ್ತದೆ. '+1 ಕತ್ತಿ' ಸಿಕ್ಕಿದರೆ ದಾಳಕ್ಕೆ ಒಂದು ಕೂಡಬೇಕು. ಒಂದೇ ಪ್ಲಸ್ ಗುರುತು, ಒಂದು ಕಡೆ ಕೂಡುವುದು, ಇನ್ನೊಂದು ಕಡೆ ಕಳೆಯುವುದು. ರಾತ್ರಿ ಹನ್ನೊಂದಕ್ಕೆ, ಮೂರು ಜನ ಒಟ್ಟಿಗೆ ಮಾತಾಡುತ್ತಿರುವಾಗ ಇದು ಎಡವಟ್ಟಾಗದೆ ಇರುತ್ತದೆಯೇ? 2000ದಲ್ಲಿ ಬಂದ ಮೂರನೇ ಎಡಿಷನ್ ಎಸಿಯನ್ನು ತಲೆಕೆಳಗು ಮಾಡಿ ಮೇಲಕ್ಕೆ ಹೋಗುವಂತೆ ಬದಲಾಯಿಸಿತು. ಮೇಲಿನ ಯೋಧನನ್ನೇ ಹೊಸ ರೀತಿಗೆ ತಿರುಗಿಸಿದರೆ ಎದುರಾಳಿಯ ಎಸಿ 16, ಯೋಧನ ದಾಳಕ್ಕೆ 4 ಸೇರುತ್ತದೆ, ಬೇಕಾದದ್ದು ಮತ್ತೆ 12. ಗಣಿತ ಅದೇ, ಹೇಳುವ ರೀತಿ ಮಾತ್ರ ಬೇರೆ.

ಒಂದೇ ಮಾತಲ್ಲಿ ಹೇಳಿಬಿಡಿ. ಇದು ಹಳಬರನ್ನ ಗೇಲಿ ಮಾಡೋದಾ ಅಲ್ವಾ?

ಬಹುತೇಕ ಅಲ್ಲ. ಆದರೆ ನಿಯಮ ಗೊತ್ತಿದ್ದು ಮಾಡುವ ಜೋಕು ಬೇರೆ, ನಿಯಮದ ಅಪಖ್ಯಾತಿಯನ್ನು ಮಾತ್ರ ಕೇಳಿ ಮಾಡುವ ಜೋಕು ಬೇರೆ. ಮೊದಲನೆಯದರಲ್ಲಿ ನಗುವವನೂ ಆ ಲೆಕ್ಕ ಮಾಡಿ ಸುಸ್ತಾದವನು. ಎರಡನೆಯದರಲ್ಲಿ ನಿಯಮದ ವಿಷಯವೇ ಇರುವುದಿಲ್ಲ, ಉಳಿಯುವುದು ಅದನ್ನು ಬಳಸಿದ ಮನುಷ್ಯ ಮಾತ್ರ. ಆಗ 'ಅದನ್ನೆಲ್ಲ ಆಡಿದವರು ಎಂಥ ಪೆದ್ದರು' ಎಂಬ ಅರ್ಥ ತಾನಾಗಿ ಬಂದುಬಿಡುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಈ ಜೋಕುಗಳನ್ನ ಶುರು ಮಾಡಿದ್ದು ಹೊಸ ಪೀಳಿಗೆಯವರೇ ತಾನೆ?

ಖಂಡಿತ ಅಲ್ಲ. 1974ರಲ್ಲಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ಆಟ ಡಬ್ಬಿಯಲ್ಲಿ ಬಂದಂದಿನಿಂದ ತಮಾಷೆ ಅದರ ಜೊತೆಗೇ ಇದೆ. ಆಟದ ಖಳ ಮಾಂತ್ರಿಕನ ವೆಕ್ನಾ ಎಂಬ ಭಯಂಕರ ಹೆಸರು ಲೇಖಕ ಜ್ಯಾಕ್ ವ್ಯಾನ್ಸ್ ಅವರ ಹೆಸರಿನ ಅಕ್ಷರಗಳನ್ನು ಕಲಸಿ ಮಾಡಿದ್ದು, ಏಕೆಂದರೆ ಡಿ ಅಂಡ್ ಡಿಯ ಮಂತ್ರಪದ್ಧತಿ ಅವರ ಕಥೆಗಳಿಂದ ಬಂದದ್ದು. ಟೆನ್ಸರ್ ಎಂಬ ಮಾಂತ್ರಿಕನ ಹೆಸರು ಗೈಗಾಕ್ಸ್ ಮಗ ಅರ್ನೆಸ್ಟ್ ಹೆಸರಿನ ಅಕ್ಷರಪಲ್ಲಟ. ಇನ್ನೊಬ್ಬ ಮಾಂತ್ರಿಕ ಡ್ರಾಮಿಜ್ ಎಂದರೆ ಆಟದ ಬಳಗದ ಜಿಮ್ ವಾರ್ಡ್ ಹೆಸರನ್ನು ಹಿಂದಿನಿಂದ ಓದಿದ್ದು. ರಸ್ಟ್ ಮಾನ್ಸ್ಟರ್ ಎಂಬ ತುಕ್ಕುಪ್ರಾಣಿಯ ಮೂಲ ಅಗ್ಗದ ಪ್ಲಾಸ್ಟಿಕ್ ಆಟಿಕೆ.

1979ರ ಡಂಜನ್ ಮಾಸ್ಟರ್ಸ್ ಗೈಡ್ ಎಂಬ ದಪ್ಪ ಪುಸ್ತಕದಲ್ಲಿ, ಸಣ್ಣಕ್ಷರದ ಕೋಷ್ಟಕಗಳ ನಡುವೆ, ಒಂದು ವ್ಯಂಗ್ಯಚಿತ್ರ ಇದೆ. ಯೋಧ, ಮಾಂತ್ರಿಕ ಮುಂತಾದವರು ಮೇಜಿನ ಸುತ್ತ ಕೂತು ಒಂದು ಆಟ ಆಡುತ್ತಿದ್ದಾರೆ. ಆ ಆಟದಲ್ಲಿ ಅವರು ಕೈಗಾರಿಕಾ ಯುಗದ ನೌಕರರು, ವಿದ್ಯಾರ್ಥಿಗಳು! ನಿಯಮ ಬರೆದವರೇ ನಿಯಮದ ಪುಸ್ತಕದಲ್ಲೇ ತಮ್ಮ ಹವ್ಯಾಸವನ್ನು ನೋಡಿ ನಕ್ಕಿದ್ದರು. ರೋಲ್‌ಮಾಸ್ಟರ್ ಆಟದವರೂ ಕಡಿಮೆಯೇನಲ್ಲ. ಪುಟಗಟ್ಟಲೆ ಕೋಷ್ಟಕಗಳಿಗೆ ಹೆಸರಾದ ಆ ಆಟದ ಎಡವಟ್ಟುಗಳ ಪಟ್ಟಿಯಲ್ಲಿ, ಕಣ್ಣಿಗೆ ಕಾಣದ, ಕಾಲ್ಪನಿಕವಾದ, ಅದೂ ಸತ್ತುಹೋದ ಆಮೆಯೊಂದಕ್ಕೆ ಎಡವಿ ಬೀಳುವ ಫಲವೂ ಉಂಟು.

## ಮೇಜಿನ ಸುತ್ತ

ನನಗೆ ಜೋಕು ಅರ್ಥಾನೇ ಆಗಲ್ಲ. ಆದ್ರೂ ಎಲ್ಲರ ಜೊತೆ ನಗ್ತೀನಿ. ತಪ್ಪಾ?

ತಪ್ಪೇನಿಲ್ಲ, ಎಲ್ಲರೂ ಮಾಡುವುದೇ. ಆದರೆ ನಕ್ಕಾದ ಮೇಲೆ 'ಅದೇನದು?' ಎಂದು ಪಕ್ಕದವರನ್ನು ಕೇಳಿ. ಹಳೆಯ ಆಟಗಾರನಿಗೆ ಅದಕ್ಕಿಂತ ಖುಷಿಯ ಪ್ರಶ್ನೆ ಇನ್ನೊಂದಿಲ್ಲ. ಉತ್ತರ ಸ್ವಲ್ಪ ಉದ್ದ ಬರಬಹುದು, ತಯಾರಾಗಿರಿ.

ನಲವತ್ತು ವರ್ಷದಿಂದ ಆಡ್ತಿದ್ದೀನಿ. ಪ್ರತಿ ಸಲ ಯಾರಾದ್ರೂ 'ಥಾಕೋ ಅಂಕಲ್ ಬಂದ್ರು' ಅಂತಾರೆ. ನಗಲಾ, ಬೈಯಲಾ?

ಇಲ್ಲಿ ಜೋಕು ನಿಯಮವನ್ನು ಬಿಟ್ಟು ನಿಮ್ಮ ಹೆಸರಿಗೆ ಅಂಟಿಕೊಂಡಿದೆ. ನೀವು ಮೇಜಿನ ಹತ್ತಿರ ಬಂದಾಗಲೆಲ್ಲ ಅದೇ ಸ್ವಾಗತವಾದರೆ ಬೇಜಾರಾಗುವುದು ಸಹಜ, ನಿಮ್ಮ ಸೂಕ್ಷ್ಮತೆ ಹೆಚ್ಚಾಯಿತು ಅಂತಲ್ಲ. ಎಲ್ಲರ ಎದುರು ಸಿಡುಕಿದರೆ 'ನೋಡಿ, ಹೇಳಿದ್ದೆವಲ್ಲ' ಎಂದು ಜೋಕಿಗೆ ಇನ್ನಷ್ಟು ಬಲ ಬರುತ್ತದೆ. ಆಟ ಮುಗಿದ ಮೇಲೆ ಹೇಳುವವರನ್ನು ಒಬ್ಬರೇ ಸಿಕ್ಕಾಗ 'ಸಾಕು ಮಾರಾಯ, ಹೆಸರು ಹಿಡಿದು ಕರಿ' ಅಂದುಬಿಡಿ. ಹತ್ತರಲ್ಲಿ ಒಂಬತ್ತು ಜನಕ್ಕೆ ಅದು ಚುಚ್ಚುತ್ತಿದೆ ಎಂದೇ ಗೊತ್ತಿರುವುದಿಲ್ಲ. ಗೊತ್ತಿದ್ದೂ ಮಾಡುವವರಿದ್ದರೆ ಅಲ್ಲಿನ ಸಮಸ್ಯೆ ನಿಯಮದ್ದಲ್ಲ.

ಒಂದು ಸಂಜೆ ಹಳೆಯ ನಿಯಮದಲ್ಲೇ ಆಟ ನಡೆಸಿಕೊಡುತ್ತೇನೆ ಎನ್ನುವುದು ಇನ್ನೊಂದು ದಾರಿ. ಥಾಕೋ ಅಂಕಲ್ ಅಂದವರಿಗೇ ಎರಡು ಪ್ರಾಣದ ಮಾಂತ್ರಿಕನನ್ನು ಕೊಡಿ.

ಗ್ರೋನ್ಯಾರ್ಡ್ ಅಂತ ಕರೆದ್ರು. ಅದು ಬೈಗುಳಾನಾ?

ನೆಪೋಲಿಯನ್ನನ ಹಳೆಯ ಪಡೆಯ ಗೊಣಗುವ ಸೈನಿಕರಿಗಿದ್ದ ಅಡ್ಡಹೆಸರು. 1970ರ ದಶಕದ ಯುದ್ಧದಾಟದವರು ಅದನ್ನು ತಾವೇ ಹೆಮ್ಮೆಯಿಂದ ಇಟ್ಟುಕೊಂಡರು. ತನಗೆ ತಾನೇ ಹೇಳಿಕೊಂಡರೆ ಪದಕ, ಬೇರೆಯವರು ಹೇಳಿದರೆ ಅವರ ಮುಖ ನೋಡಿ ತೀರ್ಮಾನಿಸಿ.

ಹಳಬರು ನಮ್ಮನ್ನ ಗೇಲಿ ಮಾಡಲ್ವಾ? ಅದನ್ನ ಯಾರೂ ಕೇಳಲ್ಲ!

ನ್ಯಾಯವಾದ ಮಾತು. ಮಂಚ್‌ಕಿನ್ ಎಂಬ ಲೇವಡಿ ಹುಟ್ಟಿದ್ದೇ ಹಿರಿಯ ಆಟಗಾರರ ಬಾಯಲ್ಲಿ. ಎಳೆಯರು ಆಟಕ್ಕೆ ಬಂದು ಲೆವೆಲ್ಲು, ಮಾಯಾ ಕತ್ತಿಗಳ ಹಿಂದೆ ಬಿದ್ದಾಗ ಇಟ್ಟ ಹೆಸರು ಅದು. 2001ರಲ್ಲಿ ಸ್ಟೀವ್ ಜ್ಯಾಕ್ಸನ್ ಅದೇ ಹೆಸರಿನಲ್ಲಿ ಇಸ್ಪೀಟು ಮಾದರಿಯ ತಮಾಷೆ ಆಟ ಮಾಡಿದರು, ಬೈಸಿಕೊಂಡವರೇ ಅದನ್ನು ಕೊಂಡು ಆಡಿದರು. 'ಈಗಿನ ಪಾತ್ರಗಳು ಸಾಯುವುದೇ ಇಲ್ಲ', 'ಒಂದು ರಾತ್ರಿ ಮಲಗಿದರೆ ಗಾಯವೆಲ್ಲ ಮಾಯ' ಎಂಬ ಹಿರಿಯರ ಕೊಂಕು ಈಗಲೂ ನಿಂತಿಲ್ಲ. ಯಾರೂ ಇಲ್ಲಿ ಬರೀ ಏಟು ತಿಂದವರಲ್ಲ.

ಅಲ್ಲದೆ ಹಳಬರಾಗುವ ಸರದಿ ಎಲ್ಲರಿಗೂ ಬರುತ್ತದೆ. ಥಾಕೋ ಕಂಡು ನಕ್ಕ ಮೂರನೇ ಎಡಿಷನ್ನಿನವರ ಕುಸ್ತಿ ನಿಯಮ ನೋಡಿ. ಒಬ್ಬನನ್ನು ಹಿಡಿಯಲು ಹೋದರೆ ಮೊದಲು ಅವನಿಗೊಂದು ಪುಕ್ಕಟೆ ಏಟು, ಆಮೇಲೆ ಮುಟ್ಟಲು ಒಂದು ದಾಳ, ಆಮೇಲೆ ಇಬ್ಬರೂ ಎದುರುಬದುರು ದಾಳ. ಅಷ್ಟರಲ್ಲಿ ಪುಸ್ತಕ ಮೇಜಿನ ಸುತ್ತ ಒಂದು ಸುತ್ತು ಬಂದಿರುತ್ತದೆ. 2003ರಲ್ಲಿ ಶುರುವಾದ ದಿ ಆರ್ಡರ್ ಆಫ್ ದಿ ಸ್ಟಿಕ್ ಎಂಬ ಚಿತ್ರಕಥೆಯ ಮೊದಲ ಕಂತೇ ಎಡಿಷನ್ ಬದಲಾವಣೆಯ ಜೋಕು.

ಹಳೇ ರೂಲ್ಸ್‌ಗೆ ತಲೆಬುಡ ಇರಲಿಲ್ಲ ಅಂತಾರಲ್ಲ, ಅದು ನಿಜ ಅಲ್ವಾ?

ಕೆಲವಕ್ಕೆ ಇರಲಿಲ್ಲ. ಹೆಚ್ಚಿನವಕ್ಕೆ ಇತ್ತು, ಆದರೆ ಜೋಕಿನಲ್ಲಿ ಮೊದಲು ಕಳೆದುಹೋಗುವುದೇ ಆ ಕಾರಣ.

'ಚಿನ್ನ ಹೊತ್ತು ತಂದರೆ ಕತ್ತಿವರಸೆ ಹೇಗಯ್ಯಾ ಸುಧಾರಿಸುತ್ತದೆ?' ಎಂಬುದು ಹಳೆಯ ನಗೆಮಾತು. ಆಗ ಒಂದು ಚಿನ್ನದ ನಾಣ್ಯಕ್ಕೆ ಲೆವೆಲ್ ಏರಲು ಬೇಕಾದ ಅನುಭವಾಂಕ ಒಂದು ಸಿಗುತ್ತಿತ್ತು, ರಾಕ್ಷಸರನ್ನು ಕೊಂದರೆ ಸಿಗುತ್ತಿದ್ದದ್ದು ಅದರ ಮುಂದೆ ಚಿಲ್ಲರೆ. ಕೇಳಲು ವಿಚಿತ್ರ. ಮೇಜಿನ ಮೇಲೆ ಅದರಿಂದ ಏನಾಗುತ್ತಿತ್ತು? ಮಲಗಿರುವ ಡ್ರ್ಯಾಗನ್ನನ್ನು ಎಬ್ಬಿಸುವ ದಡ್ಡತನ ಯಾರೂ ಮಾಡುತ್ತಿರಲಿಲ್ಲ. ಕಾವಲುಗಾರನಿಗೆ ಲಂಚ ಕೊಡು, ಹಿಂಬಾಗಿಲಿನಿಂದ ನುಗ್ಗು, ಪೆಟ್ಟಿಗೆ ಎತ್ತಿಕೊಂಡು ಓಡು. ಜಗಳ ಎಂದರೆ ಉಪಾಯ ಕೆಟ್ಟಿತು ಎಂದರ್ಥ. ಎರಡು ಪ್ರಾಣದ ಮಾಂತ್ರಿಕ ಬದುಕುತ್ತಿದ್ದದ್ದೂ ಹಾಗೆಯೇ. ಬೆಕ್ಕಿನ ಜೋಕು ಹೇಳುವವರು ಅವನನ್ನು ಬೆಕ್ಕಿನ ಎದುರು ಯುದ್ಧಕ್ಕೆ ನಿಲ್ಲಿಸುತ್ತಾರೆ, ಆಡಿದವರು ನಿಲ್ಲಿಸುತ್ತಿರಲಿಲ್ಲ.

ಹತ್ತಡಿ ಕೋಲಿನ ಕಥೆಯೂ ಅದೇ. 1974ರ ಸಾಮಾನುಪಟ್ಟಿಯಲ್ಲೇ ಅದು ಇದೆ. ನೆಲ ಕುಸಿಯುತ್ತದೆಯೇ, ಮೂಲೆಯಲ್ಲಿ ಏನಾದರೂ ಅಡಗಿದೆಯೇ ಎಂದು ದಾಳ ಉರುಳಿಸಿ ತಿಳಿಯುವ ನಿಯಮ ಇಲ್ಲದಿದ್ದಾಗ, ಕೋಲಿನಿಂದ ತಟ್ಟಿ ನೋಡುತ್ತೇನೆ ಎಂದು ಬಾಯಿಬಿಟ್ಟು ಹೇಳಬೇಕಿತ್ತು. 1978ರಲ್ಲಿ ಅಚ್ಚಾದ ಟೂಂಬ್ ಆಫ್ ಹಾರರ್ಸ್ ಸಾಹಸದಲ್ಲಿ ಬಾಯ್ದೆರೆದ ಹಸಿರು ರಾಕ್ಷಸನ ಮುಖವೊಂದಿದೆ. ಬಾಯೊಳಗೆ ಬರೀ ಕತ್ತಲು. ಒಳಗೆ ನುಗ್ಗಿದವನು ಇಲ್ಲವೇ ಇಲ್ಲವಾಗುತ್ತಾನೆ, ದಾಳ ಉರುಳಿಸಿ ಪಾರಾಗುವ ಸೇವಿಂಗ್ ಥ್ರೋ ಗೀವಿಂಗ್ ಥ್ರೋ ಏನೂ ಇಲ್ಲ. ಮೊದಲು ಕೋಲು ತೂರಿಸಿದವನ ಕೈಯಲ್ಲಿ ಮೊಂಡುಕೋಲು ಉಳಿಯುತ್ತದೆ, ಅವನು ಬದುಕುತ್ತಾನೆ. ಇದನ್ನು ತಿಳಿದವನು ಕೋಲಿನ ಜೋಕು ಹೇಳಿದರೆ ನನಗೆ ನಗು ಬರುತ್ತದೆ. ತಿಳಿಯದವನು ಹೇಳಿದರೆ ಮೊದಲು ಕಥೆ ಹೇಳೋಣ ಅನ್ನಿಸುತ್ತದೆ.

## ಜೋಕು ಪುಸ್ತಕದಲ್ಲೇ ಅಚ್ಚಾದಾಗ

ಹೊಸ ಪುಸ್ತಕದಲ್ಲಿ ಥಾಕೋ ಅನ್ನೋ ಜೋಕರ್‌ನ ಇಟ್ಟಿದ್ದಾರಂತೆ. ಇದು ನಮ್ಮನ್ನೇ ಕುರಿತು ಅಲ್ವಾ?

2021ರ ದಿ ವೈಲ್ಡ್ ಬಿಯಾಂಡ್ ದಿ ವಿಚ್‌ಲೈಟ್ ಸಾಹಸದ ಜಾತ್ರೆಯಲ್ಲಿ ಥಾಕೋ ಎಂಬ ಸಿಡುಕು ವಿದೂಷಕನಿದ್ದಾನೆ. ನಿಯಮದ ಹೆಸರನ್ನು ಮನುಷ್ಯನಿಗಿಟ್ಟು, ಆ ಮನುಷ್ಯನನ್ನು ಸಿಡುಕನನ್ನಾಗಿ ಮಾಡಿದರೆ 'ಇದು ಗೊಣಗುವ ಹಳಬರ ಚಿತ್ರ' ಎಂದು ಕೆಲವರಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಜೋಕು ನಿಯಮದಿಂದ ಮನುಷ್ಯನ ಕಡೆಗೆ ಸರಿದಿದೆ, ಅದನ್ನು ಅಲ್ಲಗಳೆಯಲಾರೆ.

ಆದರೆ ಅದೇ ಪುಸ್ತಕದ ಇನ್ನೊಂದು ಮಗ್ಗುಲು ನೋಡಿ. ವಾರ್‌ಡ್ಯೂಕ್, ಸ್ಟ್ರಾಂಗ್‌ಹಾರ್ಟ್, ಕೆಲೆಕ್ ಅಲ್ಲಿ ಮರಳಿ ಬಂದಿದ್ದಾರೆ. ಇವರು 1980ರ ದಶಕದ ಡಿ ಅಂಡ್ ಡಿ ಗೊಂಬೆಗಳು. ಹಳಬರನ್ನು ಹೊರಗಟ್ಟಬೇಕು ಎಂದುಕೊಂಡವರು ಹಳಬರಿಗೆ ಮಾತ್ರ ನೆನಪಿರುವ ಗೊಂಬೆಗಳಿಗೆ ಪುಟಗಟ್ಟಲೆ ಜಾಗ ಕೊಡುವುದಿಲ್ಲ. ನನ್ನ ಅಂದಾಜಿನಲ್ಲಿ ಥಾಕೋ ಎಂಬುದು ಕಾಲೆಳೆತ, ಅದೂ ಸ್ವಲ್ಪ ಜಾಳು ಕಾಲೆಳೆತ. ಹೆಸರು ಬಿಟ್ಟರೆ ಅದರಲ್ಲಿ ನಿಯಮದ ಚಮತ್ಕಾರ ಏನೂ ಇಲ್ಲ. ಅವನಿಗೆ ಹೊಡೆಯುವಾಗ ಮಾತ್ರ ಎಸಿ ಕೆಳಮುಖವಾಗಿ ಲೆಕ್ಕಹಾಕಬೇಕು ಎಂದಿದ್ದರೆ ನಾನೇ ಚಪ್ಪಾಳೆ ಹೊಡೆಯುತ್ತಿದ್ದೆ.

ಪ್ರಕಾಶಕರ ಜೋಕು ನಿಜವಾಗ್ಲೂ ನೋಯಿಸಿದ ಉದಾಹರಣೆ ಇದೆಯಾ?

ಇದೆ, ಪುಟ್ಟ ಗೊಂಬೆ ಸೈನ್ಯಗಳ ಯುದ್ಧದಾಟ ವಾರ್‌ಹ್ಯಾಮರ್. 1983ರಿಂದ ನಡೆದುಬಂದ ವಾರ್‌ಹ್ಯಾಮರ್ ಫ್ಯಾಂಟಸಿಯ ಲೋಕವನ್ನೇ ಕಥೆಯಲ್ಲಿ ನಾಶಮಾಡಿ, 2015ರಲ್ಲಿ ಅದರ ಪ್ರಕಾಶಕ ಗೇಮ್ಸ್ ವರ್ಕ್‌ಶಾಪ್ ಏಜ್ ಆಫ್ ಸಿಗ್ಮಾರ್ ಎಂಬ ಹೊಸ ಆಟ ತಂದಿತು. ಹಳೆಯ ಸೈನ್ಯಗಳನ್ನು ಹೊಸ ಆಟದಲ್ಲಿ ಬಳಸಲು ಪುಕ್ಕಟೆ ನಿಯಮಪತ್ರಗಳನ್ನೂ ಕೊಟ್ಟಿತು. ಅವುಗಳಲ್ಲಿ ಕುರ್ಟ್ ಹೆಲ್ಬೋರ್ಗ್ ಎಂಬ ದಂಡನಾಯಕನನ್ನು ಆಡುವಾಗ ನಿಮ್ಮ ಮೀಸೆ ಎದುರಾಳಿಯ ಮೀಸೆಗಿಂತ ದೊಡ್ಡದಿದ್ದರೆ ದಾಳ ಮತ್ತೆ ಉರುಳಿಸುವ ಅವಕಾಶ ಇತ್ತು. ಸೆಟ್ರಾ ಎಂಬ ಸತ್ತೂ ಸಾಯದ ರಾಜ ಯಾರಿಗೂ ಮಂಡಿಯೂರದವನು. ಅವನು ಸೇನಾಪತಿಯಾಗಿದ್ದಾಗ ಆಡುವ ನೀವು ಯಾವ ಕಾರಣಕ್ಕಾದರೂ ಮಂಡಿಯೂರಿದರೆ ಅಲ್ಲಿಗೇ ಸೋಲು. ಮೇಜಿನಡಿ ಬಿದ್ದ ದಾಳ ಹೆಕ್ಕಲು ಬಗ್ಗುವಾಗಲೂ ಜೋಪಾನ!

ಬೇರೆ ಯಾವುದೇ ವರ್ಷ ಬಂದಿದ್ದರೆ ಇವು ಒಳ್ಳೆಯ ಜೋಕುಗಳೇ. ಆದರೆ ವರ್ಷಗಟ್ಟಲೆ ಬಣ್ಣ ಬಳಿದು ಕಟ್ಟಿದ ಸೈನ್ಯಕ್ಕೆ ಆಟವೇ ಇಲ್ಲವಾದ ತಿಂಗಳಲ್ಲಿ, ಎರಡು ಪಡೆಗಳನ್ನು ಸರಿದೂಗಿಸುವ ಪಾಯಿಂಟ್ ಲೆಕ್ಕವೂ ಇಲ್ಲದ ಹಾಳೆಯಲ್ಲಿ ಮೀಸೆಯ ನಿಯಮ ಓದಬೇಕಾಗಿ ಬಂತು. ತಮಾಷೆಗೂ ತಿರಸ್ಕಾರಕ್ಕೂ ವ್ಯತ್ಯಾಸ ಮಾಡುವ ಮನಸ್ಥಿತಿ ಆಗ ಯಾರಿಗಿತ್ತು? ಪಾಯಿಂಟುಗಳು 2016ರಲ್ಲಿ ಬಂದವು. ಹಳೆಯ ಲೋಕ 2024ರ ಜನವರಿಯಲ್ಲಿ ದಿ ಓಲ್ಡ್ ವರ್ಲ್ಡ್ ಎಂಬ ಹೆಸರಿನಲ್ಲಿ ಮರಳಿತು.

ಹೊಸ ಎಡಿಷನ್ ಮಾರೋಕೆ ಹಳೇದನ್ನ ಆಡಿಕೊಳ್ಳೋದು ಸರೀನಾ?

ವ್ಯಾಪಾರದ ದೃಷ್ಟಿಯಿಂದಲೂ ದಡ್ಡತನ. 2008ರಲ್ಲಿ ಡಿ ಅಂಡ್ ಡಿಯ ನಾಲ್ಕನೇ ಎಡಿಷನ್ ಬರುವಾಗ ಗ್ನೋಮ್ ಎಂಬ ಕುಳ್ಳರ ಕುಲವನ್ನು ಮೊದಲ ಆಟಗಾರರ ಪುಸ್ತಕದಿಂದ ಕೈಬಿಟ್ಟು ರಾಕ್ಷಸರ ಪುಸ್ತಕಕ್ಕೆ ತಳ್ಳಿದರು, ಅದರ ಮೇಲೆ ಕಾರ್ಟೂನ್ ವಿಡಿಯೋವನ್ನೂ ಮಾಡಿದರು. 'ನಾನೀಗ ರಾಕ್ಷಸ' ಎಂದು ಗರ್ಜಿಸಲು ಯತ್ನಿಸುವ ಪಾಪದ ಗ್ನೋಮ್. ಚಿತ್ರ ಮುದ್ದಾಗಿಯೇ ಇತ್ತು. ಆದರೆ ಹಳೆಯ ಪುಸ್ತಕಗಳು ಇನ್ನೂ ಜನರ ಮೇಜಿನ ಮೇಲಿದ್ದವು, ಅವುಗಳನ್ನು ಮಾರಿದವರೂ ಇವರೇ. ಮರುವರ್ಷ ಗ್ನೋಮ್ ಎರಡನೇ ಆಟಗಾರರ ಪುಸ್ತಕದಲ್ಲಿ ವಾಪಸು ಬಂದ. ಅದೇ 2009ರಲ್ಲಿ ಹಳೆಯ ನಿಯಮಗಳನ್ನೇ ತಿದ್ದಿ ಮುಂದುವರಿಸಿದ ಪಾಥ್‌ಫೈಂಡರ್ ಎಂಬ ಬೇರೆ ಪ್ರಕಾಶಕರ ಆಟ ಬಂತು, ಬಹಳ ಜನ ಅತ್ತ ನಡೆದರು. ಹೋದದ್ದು ಜೋಕಿಗಾಗಿ ಅಲ್ಲ, ಆಟ ಬದಲಾದದ್ದಕ್ಕೆ. ಆದರೂ ಗ್ನೋಮ್‌ನ ಗರ್ಜನೆ ಅವರಲ್ಲಿ ಎಷ್ಟೋ ಜನರಿಗೆ ನೆನಪಿದೆ.

ಸರಿ, ಹಾಗಾದ್ರೆ ಚೆನ್ನಾಗಿ ಮಾಡಿದ ಜೋಕು ಯಾವುದು?

ಮ್ಯಾಜಿಕ್: ದಿ ಗ್ಯಾದರಿಂಗ್ ಕಾರ್ಡ್ ಆಟದ 2004ರ ತಮಾಷೆಯ ಕಂತು ಅನ್‌ಹಿಂಜ್ಡ್. ಅದರಲ್ಲಿ ಓಲ್ಡ್ ಫೋಗಿ ಎಂಬ ಕಾರ್ಡಿದೆ, ಹಳೇ ಗೊಡ್ಡು ಡೈನೋಸಾರ್. ಹೆಸರು ಕೇಳಿದರೆ ನೇರ ಅವಮಾನ. ಮೈತುಂಬ ಹಳೆಯ ನಿಯಮಗಳು: ಫೇಝಿಂಗ್, ಕ್ಯುಮುಲೇಟಿವ್ ಅಪ್‌ಕೀಪ್, ಎಕೋ, ಫೇಡಿಂಗ್, ಫ್ಲ್ಯಾಂಕಿಂಗ್, ರ‍್ಯಾಂಪೇಜ್, ಬೇರೆ ಡೈನೋಸಾರ್‌ಗಳ ಜೊತೆ ಮಾತ್ರ ಬ್ಯಾಂಡಿಂಗ್, ಸಾಲದ್ದಕ್ಕೆ 1994ರ ಒಂದು ಕಂತಿನಲ್ಲಿ ಬಂದ ಸೀಗಡಿಯಂಥ ಹೋಮರಿಡ್ ಜೀವಿಗಳಿಂದ ರಕ್ಷಣೆ.

ಈ ಕಾರ್ಡನ್ನು ಆಡಬೇಕಾದರೆ ಇವೆಲ್ಲ ಗೊತ್ತಿರಬೇಕು. ಒಂದೇ ಒಂದು ಹಸಿರು ಮಾನಾ (ಕಾರ್ಡು ಇಳಿಸಲು ತೆರುವ ಶಕ್ತಿ) ಕೊಟ್ಟರೆ 7/7 ಬಲದ ಪ್ರಾಣಿ ಇಳಿಯುತ್ತದೆ, ಮರುಸರದಿಗೆ ಮಾಯವಾಗುತ್ತದೆ, ಮತ್ತೆ ಬರುತ್ತದೆ, ಬಂದಾಗ ಬಾಡಿಗೆ ಕೇಳುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ವಾದ ಹತ್ತಿಕೊಳ್ಳುತ್ತದೆ. ಆ ವಾದದಲ್ಲಿ ಗೆಲ್ಲುವವನು ಮೇಜಿನಲ್ಲಿರುವ ಅತಿ ಹಳೆಯ ಆಟಗಾರ. ಅವನ ಹೆಸರಿಟ್ಟು ನಕ್ಕರೂ ಆ ಹತ್ತು ನಿಮಿಷ ಅವನೇ ನ್ಯಾಯಾಧೀಶ.

## ಇನ್ನೂ ಸ್ವಲ್ಪ ಒಳಕ್ಕೆ

ಹಳೇ ಪುಸ್ತಕದಲ್ಲಿ ಹೆಂಗಸರಿಗೆ ಶಕ್ತಿ ಮಿತಿ ಇತ್ತಲ್ಲ. ಅದನ್ನ ಟೀಕಿಸಿದ್ರೂ ಹಳಬರು ಮುನಿಸಿಕೊಳ್ತಾರೆ. ಯಾಕೆ?

1978ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಮನುಷ್ಯ ಗಂಡಸಿನ ಶಕ್ತಿ 18/00ವರೆಗೆ (ಇಲ್ಲಿ 00 ಅಂದರೆ ನೂರು), ಹೆಂಗಸಿನದು 18/50ಕ್ಕೆ ನಿಲ್ಲುತ್ತಿತ್ತು. ಎರಡನೇ ಎಡಿಷನ್ ಅದನ್ನು ಕಿತ್ತುಹಾಕಿತು. ಇದು ಥಾಕೋ ಸಾಲಿಗೆ ಸೇರುವ ಜೋಕಲ್ಲ, ಟೀಕೆ, ಮತ್ತು ಟೀಕೆಗೆ ಅರ್ಹವಾದದ್ದು. ಆಗಲೇ ಆಡುತ್ತಿದ್ದ ಹೆಂಗಸರೂ ಹಳಬರೇ ಎಂಬುದನ್ನು ಮುನಿಸಿಕೊಳ್ಳುವವರು ಮರೆಯುತ್ತಾರೆ. ಎಷ್ಟೋ ಮೇಜುಗಳಲ್ಲಿ ಆ ಸಾಲನ್ನು ಮೊದಲ ದಿನವೇ ಬಿಟ್ಟು ಆಡಿದರು. ತೊಂದರೆ ಎಲ್ಲಿ ಅಂದರೆ, ಟೀಕೆ ಮತ್ತು ಲೇವಡಿ ಒಂದೇ ಉಸಿರಿನಲ್ಲಿ ಬಂದಾಗ. ಗಂಭೀರ ಮಾತಿನ ಬಾಲಕ್ಕೆ 'ಥಾಕೋದವರಿಂದ ಇನ್ನೇನು ನಿರೀಕ್ಷೆ' ಎಂದು ಕಟ್ಟಿದರೆ ಕೇಳುವವನಿಗೆ ಬಾಲ ಮಾತ್ರ ಕಾಣುತ್ತದೆ.

ಇಷ್ಟು ನಗೆಪಾಟಲಾದ ಮೇಲೆ ಹಳೇ ನಿಯಮ ಯಾರಾದ್ರೂ ಆಡ್ತಾರಾ?

ಧಾರಾಳವಾಗಿ. 2006ರ ಓಸ್ರಿಕ್, 2007ರ ಲ್ಯಾಬಿರಿಂತ್ ಲಾರ್ಡ್, 2008ರ ಸ್ವೋರ್ಡ್ಸ್ ಅಂಡ್ ವಿಝರ್ಡ್ರಿ ಎಲ್ಲವೂ ಹಳೆಯ ನಿಯಮಗಳ ಮರುಹುಟ್ಟು. 2019ರ ಓಲ್ಡ್-ಸ್ಕೂಲ್ ಎಸೆನ್ಷಿಯಲ್ಸ್‌ನಲ್ಲಿ ಎಸಿಯನ್ನು ಎರಡೂ ದಿಕ್ಕಿನಲ್ಲಿ ಅಚ್ಚು ಹಾಕಿದ್ದಾರೆ, ಬೇಕಾದ್ದನ್ನು ಆರಿಸಿಕೊಳ್ಳಬಹುದು. ಇದಕ್ಕಿಂತ ಮಜಾ ಹ್ಯಾಕ್‌ಮಾಸ್ಟರ್ ಕಥೆ. ನೈಟ್ಸ್ ಆಫ್ ದಿ ಡಿನ್ನರ್ ಟೇಬಲ್ ಚಿತ್ರಕಥೆಯ ಪಾತ್ರಗಳು ಆಡುತ್ತಿದ್ದ ಕಾಲ್ಪನಿಕ ಆಟ ಅದು, ಹಳೆಯ ಡಿ ಅಂಡ್ ಡಿಯ ಅಣಕ. 2001ರಲ್ಲಿ ನಿಜವಾದ ಪುಸ್ತಕವಾಗಿಯೇ ಬಂತು, ಮೊದಲ ಮುದ್ರಣಕ್ಕೇ 'ನಾಲ್ಕನೇ ಎಡಿಷನ್' ಎಂಬ ಹೆಸರು. ಅಣಕವಾಡಲು ಕೊಂಡವರು ವರ್ಷಗಟ್ಟಲೆ ಅದನ್ನೇ ನಿಷ್ಠೆಯಿಂದ ಆಡಿದರು. ಜೋಕು ಮಾಡುವಷ್ಟು ನಿಯಮ ಬಲ್ಲವರಿಗೆ ನಿಯಮದ ಮೇಲೆ ಎಷ್ಟು ಪ್ರೀತಿ ಇರುತ್ತದೆ ನೋಡಿ.

ನಾನೇ ಒಂದು ಆಟ ಬರೀತಿದ್ದೀನಿ. ಹಳೇ ನಿಯಮದ ಜೋಕು ಹಾಕ್ಬೇಕು ಅಂತ ಆಸೆ. ಹೇಗೆ ಹಾಕಲಿ?

ಹಾಕಿ. ಆದರೆ ಮೊದಲು ಆ ನಿಯಮದಲ್ಲಿ ಒಂದು ಸಂಜೆ ಆಡಿ. ಜೋಕು ಆಟದೊಳಗೆ ಏನಾದರೂ ಕೆಲಸ ಮಾಡಲಿ, ಬರೀ ಹೆಸರಾಗಿ ನಿಲ್ಲದಿರಲಿ. ಹಳಬನಿಗೆ ಅದರಿಂದ ಸಣ್ಣದೊಂದು ಅನುಕೂಲ ಸಿಕ್ಕರೆ ಇನ್ನೂ ಒಳ್ಳೆಯದು: ಹಳೆಯ ಲೆಕ್ಕ ಬಲ್ಲವನಿಗಷ್ಟೇ ತೆರೆಯುವ ಬೀಗ, ಹತ್ತಡಿ ಕೋಲಿದ್ದರೆ ಮಾತ್ರ ದಾಟಬಹುದಾದ ಹಳ್ಳ. ಹೊಸಬನಿಗೆ ಜೋಕು ಗೊತ್ತಾಗದಿದ್ದರೂ ಆಟ ನಿಲ್ಲಬಾರದು. ವಯಸ್ಸು, ಗಡ್ಡ, ಗೊಣಗಾಟದ ಮೇಲಿನ ಜೋಕುಗಳನ್ನು ಬಿಟ್ಟುಬಿಡಿ, ಅವು ಸವೆದುಹೋಗಿವೆ. ಅಚ್ಚಿಗೆ ಕೊಡುವ ಮೊದಲು ಎರಡನೇ ಎಡಿಷನ್ ಆಡಿದವರೊಬ್ಬರಿಗೆ ಓದಲು ಕೊಡಿ. ಅವರು ನಕ್ಕು, ಆಮೇಲೆ ನಿಮ್ಮ ಲೆಕ್ಕದಲ್ಲೊಂದು ತಪ್ಪು ಹುಡುಕಿದರೆ ಜೋಕು ಸರಿಯಾಗಿದೆ. ಲೆಕ್ಕ ತಿದ್ದಿಕೊಳ್ಳಿ.